ಆವೇಶ ಎಂಬ ಪದದ ಜಾತಿ

ದಲಿತ-ಬಂಡಾಯ ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ಬಂದಿರುವ ವಿಮರ್ಶೆಯನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕೊಡವಿದರೆ ಮೊದಲು ಕೆಳಗೆ ಬೀಳುವ ಪದ ‘ಆವೇಶ’. ಆವೇಶ ಇದೆ, ಕಾವ್ಯ ಇಲ್ಲ. ಆವೇಶ ಇಳಿದ ಮೇಲೆ ಒಳ್ಳೆಯ ಕವಿಯಾಗಬಹುದು. ಆವೇಶ ಹೆಚ್ಚಾಯಿತು, ಅನುಭವ ಮಾಗಲಿಲ್ಲ. 1979ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತಲ್ಲ, ಅವತ್ತಿನಿಂದ ಇವತ್ತಿನವರೆಗೆ ಈ ಮೂರು ಮಾತು ಅಂಗಿ ಬದಲಾಯಿಸಿಕೊಂಡು ಬರುತ್ತಲೇ ಇವೆ. ಕಾಲೇಜಿನ ಮೇಷ್ಟ್ರು ಇದನ್ನೇ ಪಾಠ ಹೇಳುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸಿ ಹತ್ತಕ್ಕೆ ಆರು ತಗೋತಾರೆ. ಹಾಗೆ ಬರೆಯುವವರಲ್ಲಿ ನಮ್ಮ ಕೇರಿಯ ಹುಡುಗರೂ ಇದ್ದಾರೆ. ತಮ್ಮ ಅಪ್ಪನ ಸಿಟ್ಟಿಗೆ ತಾವೇ ಕಡಿಮೆ ಅಂಕ ಕೊಡೋದನ್ನ ಅವರು ಹೀಗೆ ಕಲಿಯುತ್ತಾರೆ.

ಇಷ್ಟು ಕೆಲಸ ಮಾಡುವ ಪದವನ್ನು ಸುಮ್ಮನೆ ಬಿಡಲಿಕ್ಕೆ ಆಗುವುದಿಲ್ಲ. ಅದು ಎಲ್ಲಿಂದ ಬಂತು, ಯಾರ ಬಾಯಲ್ಲಿ ಏನಾಗುತ್ತದೆ ಎಂದು ವಿಚಾರಿಸಬೇಕು. ಹಳ್ಳಿಯಲ್ಲಿ ಹೊಸಬರು ಬಂದರೆ ಮೊದಲು ಕೇಳುವುದೇ ಯಾವ ಊರು, ಯಾವ ಜನ ಅಂತ. ನಮ್ಮನ್ನು ಜೀವಮಾನವಿಡೀ ಈ ಪ್ರಶ್ನೆ ಕೇಳಿದ ಸಮಾಜದ ಒಂದು ಪದಕ್ಕೆ ನಾವು ಒಂದು ಸಲವಾದರೂ ಈ ಪ್ರಶ್ನೆ ಕೇಳೋಣ.

ಹುಟ್ಟಿದ್ದು ಸಂಸ್ಕೃತದಲ್ಲಿ. ‘ವಿಶ್’ ಎಂಬ ಧಾತು. ಅರ್ಥ ಒಳಗೆ ಹೋಗು, ಹೊಗು. ಅದರ ಹಿಂದೆ ‘ಆ’ ಸೇರಿ ಆವೇಶ. ಅಂದರೆ ಒಳಹೊಗುವುದು, ಹೊಕ್ಕು ತುಂಬಿಕೊಳ್ಳುವುದು. ಸಿಟ್ಟು, ಅಬ್ಬರ, ಉದ್ವೇಗ ಇವೆಲ್ಲ ಆಮೇಲೆ ಬಂದ ಅರ್ಥ. ಮೊದಲ ಅರ್ಥ ಬರೀ ಹೊಗುವುದು. ಈ ಧಾತುವಿನ ಮಕ್ಕಳು ಮರಿ ಎಲ್ಲ ನಮಗೆ ಚೆನ್ನಾಗಿ ಗೊತ್ತಿರುವವರೇ. ‘ಪ್ರ’ ಸೇರಿದರೆ ಪ್ರವೇಶ. ದೇವಸ್ಥಾನ ಪ್ರವೇಶ, ಹೋಟೆಲ್ ಪ್ರವೇಶ, ಕಾಲೇಜು ಪ್ರವೇಶ. ‘ನಿ’ ಸೇರಿದರೆ ನಿವೇಶನ. ನಿವೇಶನರಹಿತರ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಮುಂದೆ ನಿಂತವರಿಗೆ ಈ ಪದದ ಅರ್ಥವನ್ನು ನಿಘಂಟು ಹೇಳಬೇಕಾಗಿಲ್ಲ. ‘ಅಧಿ’ ಸೇರಿದರೆ ಅಧಿವೇಶನ. ವಿಧಾನಸೌಧದಲ್ಲಿ ನಡೆಯುತ್ತದೆ, ನಮ್ಮ ವಿಷಯ ಬಂದಾಗ ಕುರ್ಚಿಗಳು ಖಾಲಿ ಇರುತ್ತವೆ. ‘ಸಮ್’ ಮತ್ತು ‘ಆ’ ಎರಡೂ ಸೇರಿದರೆ ಸಮಾವೇಶ. ಲಾರಿ ಹತ್ತಿಸಿ ನಮ್ಮನ್ನು ಕರೆದುಕೊಂಡು ಹೋಗುವ ಜಾಗ. ಇಷ್ಟೂ ಪದ ಒಂದೇ ಹೊಟ್ಟೆಯವು. ಒಳಗೆ ಯಾರು, ಹೊರಗೆ ಯಾರು ಎಂಬ ಒಂದೇ ವ್ಯವಹಾರದ ಬೇರೆ ಬೇರೆ ರಸೀದಿಗಳು.

ಈ ವಂಶವೃಕ್ಷ ನೋಡಿದ ಮೇಲೆ ನಮ್ಮ ವಿಮರ್ಶಕರ ಮಾತು ಬೇರೆ ತರ ಕೇಳಿಸುತ್ತದೆ. ಯಾರಿಗೆ ಪ್ರವೇಶ ಇಲ್ಲವೋ, ನಿವೇಶನ ಇಲ್ಲವೋ ಅವರಿಗೇ ‘ಆವೇಶ’ವನ್ನು ಹಂಚಿಕೊಟ್ಟಿದ್ದಾರೆ. ಅವನು ಒಳಗೆ ಹೋಗುವಂತಿಲ್ಲ. ಆದ್ದರಿಂದ ಅವನೊಳಗೆ ಏನೋ ಹೋಗುತ್ತದೆ.

ಇದು ಪದಗಳ ಆಟ ಅಲ್ಲ ಎನ್ನುವುದಕ್ಕೆ ತುಳುನಾಡಿನ ಕೊರಗ ತನಿಯನನ್ನು ನೋಡಿ. ಇವತ್ತು ಕೊರಗಜ್ಜ ಎಂಬ ಹೆಸರಿನಲ್ಲಿ ಕರಾವಳಿಯ ಆಚೆಗೂ ಹರಕೆ ಹೊರಿಸಿಕೊಳ್ಳುವ ದೈವ ಅವನೇ. ಪಾಡ್ದನ ಊರಿಂದೂರಿಗೆ ಬದಲಾಗುತ್ತದೆ, ಆದರೆ ಬೆನ್ನುಮೂಳೆ ಒಂದೇ. ತಾಯಿತಂದೆ ಇಲ್ಲದ ಕೊರಗರ ಹುಡುಗ, ಮೈರಕ್ಕ ಬೈದೆತಿ ಸಾಕಿದವನು. ದೇವಸ್ಥಾನಕ್ಕೆ ಕೊಡಬೇಕಾದ ಹೊರೆಯನ್ನು ಹಲವಾರು ಆಳು ಹೊರಬೇಕು, ಇವನು ಒಬ್ಬನೇ ಹೊರುತ್ತಾನೆ. ಹೊರೆಗೆ ಒಳಗೆ ಪ್ರವೇಶ ಉಂಟು, ಹೊತ್ತವನಿಗೆ ಇಲ್ಲ. ಅಲ್ಲೇ ಇದ್ದ ಮಾದಲ ಹಣ್ಣು ಕೀಳಲಿಕ್ಕೆ ಹೋದವನು ಮಾಯವಾಗುತ್ತಾನೆ. ‘ಮಾಯವಾಗುವುದು’ ಎನ್ನುವುದು ದೈವಗಳ ಕಥೆಯಲ್ಲಿ ಬಹಳ ಮೃದುವಾದ ಮಾತು. ಆ ಹೊತ್ತಿನಲ್ಲಿ ಏನಾಯಿತು ಅಂತ ಕೇರಿಯ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಬಿಡದ ಆ ಹುಡುಗ ಆಮೇಲೆ ದೈವವಾಗಿ ಮನುಷ್ಯರ ಮೈಯೊಳಗೆ ಬರುತ್ತಾನೆ. ಪ್ರವೇಶ ಇಲ್ಲದವನು ಆವೇಶವಾದ.

ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕಥೆಯೂ ಇದೇ ದಾರಿಯದು. ಇಂಥ ಇನ್ನೊಂದು ವಿಗ್ರಹ ಇನ್ನೆಲ್ಲೂ ಆಗಬಾರದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ವಿಗ್ರಹ 1432ರಲ್ಲಿ ಪ್ರತಿಷ್ಠೆಯಾಯಿತು ಎಂದು ಇತಿಹಾಸ ಹೇಳುತ್ತದೆ. ಕೈ ಹೋದವನು ತಂಗಿ ಕಲ್ಲುರ್ಟಿಯ ಜೊತೆ ಭೂತವಾದ ಎಂದು ಪಾಡ್ದನ ಹೇಳುತ್ತದೆ. ಇತಿಹಾಸದ ಪುಸ್ತಕದಲ್ಲಿ ಅರಸ ಇದ್ದಾನೆ, ಪಾಡ್ದನದಲ್ಲಿ ಕೈ ಇದೆ.

ಈ ದೈವಗಳಿಗೆ ವೇಷ ಕಟ್ಟುವವರು ಪಂಬದರು, ಪರವರು, ನಲಿಕೆಯವರು. ಕೋಲದ ಹೊತ್ತಿನಲ್ಲಿ ಗುತ್ತಿನ ಯಜಮಾನ ಕೈಮುಗಿದು ನಿಲ್ಲುತ್ತಾನೆ, ದೈವ ಹೆಸರು ಹಿಡಿದು ಕೂಗಿದರೆ ಮರ್ಯಾದೆಯಿಂದ ಓಗೊಡುತ್ತಾನೆ, ಬೈದರೆ ಕೇಳಿಸಿಕೊಳ್ಳುತ್ತಾನೆ. ಬೆಳಕು ಹರಿದು ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಅಂಚಿನಲ್ಲಿ ನಿಂತು ತನ್ನ ಪಾಲಿನ ಅಕ್ಕಿ ತೆಗೆದುಕೊಳ್ಳುತ್ತಾನೆ. ಆಂಧ್ರದ ಕಡೆಯ ಮಾದಿಗರ ಮಾತಂಗಿಯದ್ದೂ ಇದೇ ಲೆಕ್ಕ. ದೇವಿ ಮೈಮೇಲೆ ಬಂದಾಗ ಆ ಹೆಣ್ಣುಮಗಳು ಬ್ರಾಹ್ಮಣರು ರೆಡ್ಡಿಗಳು ಅಂತ ನೋಡದೆ ಎಲ್ಲರ ಮೇಲೆ ಉಗುಳುತ್ತಾಳೆ, ಬಾಯಿಗೆ ಬಂದದ್ದು ಬೈಯುತ್ತಾಳೆ, ಅವರು ಅದನ್ನು ಪ್ರಸಾದ ಎಂದು ಒರೆಸಿಕೊಳ್ಳುತ್ತಾರೆ. ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷಿನವನು 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಸಂಪುಟದಲ್ಲಿ ಇದನ್ನು ದಾಖಲಿಸಿದ್ದಾನೆ. ನಮ್ಮ ಕಡೆ ಮಾರಿಹಬ್ಬದಲ್ಲಿ ಅಸಾದಿಗಳು ಬೈಯುವುದನ್ನು ಕೇಳಿದವರು ಇನ್ನೂ ಇದ್ದಾರೆ.

ಅಂದರೆ ವ್ಯವಸ್ಥೆಗೆ ನಮ್ಮ ಆವೇಶದ ಮೇಲೆ ತಕರಾರೇ ಇಲ್ಲ. ಅದಕ್ಕೆ ಜಾಗ, ತಿಥಿ, ತಾಳ ಗೊತ್ತು ಮಾಡಿಕೊಟ್ಟಿದೆ. ವರ್ಷಕ್ಕೆ ಒಂದು ರಾತ್ರಿ ಬೈಯಿರಿ, ಉಳಿದ ದಿನ ಗೇಯಿರಿ. ಕೊರಗ ತನಿಯನಿಗೆ ಕಟ್ಟೆ ಕಟ್ಟಿ ಕೈಮುಗಿದ ಸಮಾಜವೇ ಅವನ ಜನಕ್ಕೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿತ್ತು, ಕಂಬಳದ ಗದ್ದೆಯಲ್ಲಿ ಅವರನ್ನು ಕೋಣಗಳ ಹಾಗೆ ಓಡಿಸುತ್ತಿತ್ತು. ಇದಕ್ಕೆ ಅಜಲು ಪದ್ಧತಿ ಎಂದು ಹೆಸರು. ಅದನ್ನು ನಿಷೇಧಿಸಲು 2000ದಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಇಪ್ಪತ್ತೊಂದನೇ ಶತಮಾನದ ಹೊಸ್ತಿಲಲ್ಲಿ! 2022ರಲ್ಲಿ ‘ಕಾಂತಾರ’ ಸಿನಿಮಾ ಬಂದಾಗ ಕೊನೆಯ ದೃಶ್ಯದ ಆವೇಶ ನೋಡಿ ಪೇಟೆಯ ಜನಕ್ಕೆಲ್ಲ ಮೈ ಜುಮ್ಮೆಂದಿತು, ನಟನಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಅಕ್ಟೋಬರಿನಲ್ಲಿ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಕೊಡುವುದಾಗಿ ಘೋಷಿಸಿತು. ಕೊಟ್ಟರೆ ಒಳ್ಳೆಯದೇ. ಆದರೆ ಒಂದು ಮಾತು ಗಮನಿಸಬೇಕು. ತೆರೆಯ ಮೇಲಿನ ಆವೇಶ ಹೆಚ್ಚಾಯಿತು, ಅನುಭವ ಮಾಗಲಿಲ್ಲ ಅಂತ ನಮ್ಮ ಕವಿಗಳಿಗೆ ಕೇಳಿಸಿದ ಮಾತನ್ನು ಅಲ್ಲಿ ಯಾರೂ ದೊಡ್ಡ ಗಂಟಲಲ್ಲಿ ಆಡಲಿಲ್ಲ. ಟಿಕೆಟ್ ಕೊಂಡು ನೋಡುವ ಆವೇಶಕ್ಕೆ ಮಾಗುವ ತಾಪತ್ರಯ ಇಲ್ಲ.

ತಕರಾರು ಶುರುವಾದದ್ದು ತಿಥಿ ತಪ್ಪಿ ಆವೇಶ ಬಂದಾಗ. ದೇವರ ಹೆಸರಿಲ್ಲದೆ, ಬಣ್ಣ ಬಳಿದುಕೊಳ್ಳದೆ, ಹಗಲು ಹೊತ್ತಿನಲ್ಲಿ, ತನ್ನದೇ ಹೆಸರಿನಲ್ಲಿ, ಅಚ್ಚಿನ ಮೊಳೆಯಲ್ಲಿ ಬಂದಾಗ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಹಾಗೆ ಬಂತು. ಬೈದದ್ದನ್ನು ಪ್ರಸಾದ ಎಂದು ಒರೆಸಿಕೊಳ್ಳಲಿಕ್ಕೆ ಅಲ್ಲಿ ದಾರಿ ಇರಲಿಲ್ಲ. ಆಗ ವಿಮರ್ಶೆಗೆ ಛಂದಸ್ಸು, ಪ್ರತಿಮೆ, ಸಂಯಮ ಎಲ್ಲ ನೆನಪಾದವು.

ಈ ನೆನಪು ಹೊಸದಲ್ಲ. ಭರತನ ನಾಟ್ಯಶಾಸ್ತ್ರದ ಆರು ಏಳನೆಯ ಅಧ್ಯಾಯಗಳನ್ನು ನಮ್ಮ ಹುಡುಗರು ಒಂದು ಸಲ ಕೂತು ಓದಬೇಕು. ಹೆದರುವಂಥದ್ದು ಏನೂ ಇಲ್ಲ. ಅಲ್ಲಿ ಭಾವಗಳನ್ನು ಜನರಿಗೆ ಹಂಚಿದ ರೀತಿ ಥೇಟ್ ಊರಿನಲ್ಲಿ ಮನೆಗಳನ್ನು ಹಂಚಿದ ರೀತಿ. ಮೈ ಬಿಸಿಯಾಗಿ ಮುನ್ನುಗ್ಗುವ ಭಾವ ಉತ್ತಮ ಪ್ರಕೃತಿಯವನದಾದರೆ ಅದು ಉತ್ಸಾಹ, ಅದರಿಂದ ವೀರರಸ. ಅದೇ ಬಿಸಿ ರಾಕ್ಷಸರದು, ದಾನವರದು, ಉದ್ಧಟರದು ಆದರೆ ಕ್ರೋಧ, ಅದರಿಂದ ರೌದ್ರ. ನಗುವಿನಲ್ಲೂ ಮೇಲು ಕೀಳು: ಹಲ್ಲು ಕಾಣದಂತೆ ಮುಗುಳ್ನಗುವುದು ಉತ್ತಮರಿಗೆ, ಕಣ್ಣಲ್ಲಿ ನೀರು ಬರುವಂತೆ ಬಿದ್ದು ಬಿದ್ದು ನಗುವುದು ಅಧಮರಿಗೆ. ದುಃಖ ಬಂದರೆ ಉತ್ತಮರು ಧೈರ್ಯದಿಂದ ತಡೆದುಕೊಳ್ಳುತ್ತಾರೆ, ನೀಚರು ಅಳುತ್ತಾರೆ. ‘ಆವೇಗ’ ಎಂಬ ಒಂದು ಸಂಚಾರಿ ಭಾವ ಇದೆ, ತಬ್ಬಿಬ್ಬು ಗಡಿಬಿಡಿ ಅಂತ ಇಟ್ಟುಕೊಳ್ಳಿ. ಅದರಲ್ಲೂ ಉತ್ತಮ ಮಧ್ಯಮರು ಸ್ಥಿರವಾಗಿ ನಿಲ್ಲುತ್ತಾರೆ, ನೀಚರು ಓಡುತ್ತಾರೆ. ಮೂವತ್ತಮೂರು ಸಂಚಾರಿ ಭಾವಗಳ ಪಟ್ಟಿಯಲ್ಲಿ ಆವೇಗ ಇದೆ, ಆವೇಶ ಇಲ್ಲ. ದೇವರು ದೆವ್ವ ಮೈಮೇಲೆ ಬರುವ ಸಂಗತಿಯನ್ನು ‘ಅಪಸ್ಮಾರ’ದ ಕೆಳಗೆ, ಅಂದರೆ ಮೂರ್ಛೆರೋಗದ ಕೆಳಗೆ ಹಾಕಿದ್ದಾರೆ. ಕೇರಿಯಲ್ಲಿ ದೇವರು, ಶಾಸ್ತ್ರದಲ್ಲಿ ಕಾಯಿಲೆ.

ವೇದ ಕೇಳುವ ಹಕ್ಕಿಲ್ಲದ ಶೂದ್ರರೂ ಸೇರಿ ಎಲ್ಲ ವರ್ಣದವರಿಗೆ ಅಂತ ಹುಟ್ಟಿಸಿದ ಐದನೆಯ ವೇದ ಇದು ಎಂದು ಆ ಗ್ರಂಥವೇ ತನ್ನನ್ನು ಕರೆದುಕೊಳ್ಳುತ್ತದೆ. ಕೊನೆಯಲ್ಲಿ ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಆಡಿದ್ದಕ್ಕೆ ಶೂದ್ರರಾಗಿ ಎಂದು ಶಾಪ ತಿನ್ನುತ್ತಾರೆ. ನಗಿಸಿದ್ದಕ್ಕೆ ಆ ಶಿಕ್ಷೆ! ನಮ್ಮವರ ನಾಟಕ ತಂಡಗಳಿಗೆ ಈ ಕಥೆ ಉಪಯೋಗಕ್ಕೆ ಬರಬಹುದು.

ಇದೇ ರಸವಿಚಾರದ ಇನ್ನೊಂದು ಪದ ‘ಉದ್ರೇಕ’. ಕಾವ್ಯ ಓದುವ ಸಹೃದಯನಲ್ಲಿ ಸತ್ವಗುಣದ ಉದ್ರೇಕವಾಗಿ ರಸಾನುಭವ ಆಗುತ್ತದೆ ಎಂದು ಆಲಂಕಾರಿಕರು ಹೇಳುತ್ತಾರೆ. ಬಹಳ ದೊಡ್ಡ ಮಾತು ಅದು, ಬ್ರಹ್ಮಾನಂದಕ್ಕೆ ಸಮೀಪ. ರಿಕ್ತ ಎಂದರೆ ಬರಿದು, ಉದ್ರಿಕ್ತ ಎಂದರೆ ತುಂಬಿ ಹೊರಚೆಲ್ಲಿದ್ದು. ಆದರೆ ಈಗ ಆ ಪದವನ್ನು ಎಲ್ಲಿ ಕಾಣುತ್ತೀರಿ? ಪೊಲೀಸರ ವರದಿಯಲ್ಲಿ. ‘ಉದ್ರಿಕ್ತ ಗುಂಪು’. ಅದರ ಹಿಂದೆಯೇ ‘ಲಘು ಲಾಠಿ ಪ್ರಹಾರ’. ‘ಉದ್ರೇಕಕಾರಿ ಭಾಷಣ’ ಎಂದು ಕೇಸು ಹಾಕುತ್ತಾರೆ. ಮೊದಲು 153ಎ ಆಗಿದ್ದದ್ದು 2024ರ ಜುಲೈಯಿಂದ ಹೊಸ ನ್ಯಾಯ ಸಂಹಿತೆಯ 196 ಆಗಿದೆ. ಸಹೃದಯನಿಗೆ ಉದ್ರೇಕವಾದರೆ ರಸ, ಮೆರವಣಿಗೆಗೆ ಉದ್ರೇಕವಾದರೆ ಲಾಠಿ. ಸಮಾವೇಶಕ್ಕೂ ಹೀಗೆಯೇ ಎರಡು ಬಾಳು. ಕಾಶ್ಮೀರದ ಶೈವದರ್ಶನದಲ್ಲಿ, ಅಭಿನವಗುಪ್ತನಂಥವರ ಕೈಯಲ್ಲಿ, ಸಮಾವೇಶ ಎಂದರೆ ಶಿವನಲ್ಲಿ ಲೀನವಾಗುವ ಪರಮ ಸ್ಥಿತಿ. ವಿದ್ವಾಂಸನ ಮೈಯೊಳಗೆ ಶಿವ ಹೊಕ್ಕರೆ ಅದು ದರ್ಶನ, ಅಧ್ಯಯನಪೀಠ. ಮಾದಿಗರ ಹೆಂಗಸಿನ ಮೈಯೊಳಗೆ ಮಾರಿ ಹೊಕ್ಕರೆ ಅದು ಮೂಢನಂಬಿಕೆ, ಜಾನಪದ ವಿಭಾಗ.

ಇಂಗ್ಲಿಷಿನ ‘ಎನ್ಥೂಸಿಯಾಸಂ’ ಎಂಬ ಪದವೂ ಗ್ರೀಕರಲ್ಲಿ ಒಳಗೆ ದೇವರಿರುವುದು ಎಂಬ ಅರ್ಥದಿಂದ ಬಂದದ್ದು. ಹದಿನೇಳು ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಅದು ಬೈಗುಳವಾಗಿತ್ತು. ಅಧಿಕೃತ ಚರ್ಚಿನವರು ಕ್ವೇಕರ್, ಮೆಥಡಿಸ್ಟ್ ಮುಂತಾದವರನ್ನು ಅದೇ ಪದದಿಂದ ತಿವಿಯುತ್ತಿದ್ದರು. ಇವರಿಗೆ ದೇವರು ನೇರವಾಗಿ ಮಾತಾಡಿಸುತ್ತಾನಂತೆ, ಪಾದ್ರಿ ಬೇಡವಂತೆ ಎಂಬುದು ಅವರ ಸಂಕಟ. ಎಲ್ಲ ಕಡೆ ಪುರೋಹಿತರು ಪುರೋಹಿತರೇ.

ಕನ್ನಡದಲ್ಲಿ ನವೋದಯದ ಕಾಲಕ್ಕೆ ಆವೇಶ ಒಳ್ಳೆಯ ಪದವೇ ಆಗಿತ್ತು. ಕವಿಗೆ ಆವೇಶ ಬಂದು ಬರೆದ ಎಂದರೆ ಸ್ಫೂರ್ತಿ, ದರ್ಶನ ಅಂತಲೇ ತಿಳಿಯುತ್ತಿದ್ದರು. ನವ್ಯ ಬಂದ ಮೇಲೆ ಗಾಳಿ ತಿರುಗಿತು. 1919ರಲ್ಲಿ ಎಲಿಯಟ್ ಎಂಬ ಕವಿ ಕಾವ್ಯ ಎಂದರೆ ಭಾವವನ್ನು ಹರಿಯಬಿಡುವುದಲ್ಲ, ಭಾವದಿಂದ ತಪ್ಪಿಸಿಕೊಳ್ಳುವುದು ಎಂಬರ್ಥದ ಮಾತು ಬರೆದಿದ್ದ. ನಾಲ್ಕು ದಶಕ ಬಿಟ್ಟು ನಮ್ಮ ಇಂಗ್ಲಿಷ್ ಪ್ರಾಧ್ಯಾಪಕರು ಅದನ್ನು ಇಳಿಸಿಕೊಂಡರು. ತಪ್ಪಿಸಿಕೊಳ್ಳಲಿ, ಬೇಡ ಎಂದವರು ಯಾರು? ತಪ್ಪಿಸಿಕೊಂಡು ಹೋಗಲಿಕ್ಕೆ ಅವರಿಗೆ ಬೇರೆ ಮನೆ ಇತ್ತು. ಅಡಿಗರ ಕಾವ್ಯದಲ್ಲಿ ಸಿಟ್ಟು ಕಡಿಮೆ ಇದೆಯೇ? ಅವರದ್ದು ಒಳ್ಳೆಯ ಸಿಟ್ಟು, ಕನ್ನಡದ ಬೆನ್ನು ನೆಟ್ಟಗೆ ಮಾಡಿದ ಸಿಟ್ಟು. ಅದನ್ನು ನಮಗೆ ತೀವ್ರತೆ, ವ್ಯಂಗ್ಯ, ತಳಮಳ ಎಂದು ಪಾಠ ಮಾಡಿದರು. ಒಬ್ಬ ಹೊಲೆಯರ ಹುಡುಗ ಸಿಟ್ಟಾದ ಕೂಡಲೇ ಆ ಮೂರೂ ಪದ ಕಪಾಟು ಸೇರಿ ಬೀಗ ಬಿತ್ತು. ಹೊರಗೆ ಉಳಿದದ್ದು ಆವೇಶ.

ಯಾರಿಗೆ ನಿಜವಾಗಿ ಆವೇಶ ಬಂದಿತ್ತು ಎಂದು ಚರಿತ್ರೆಯಲ್ಲಿ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮತ್ತು ಸಾವಿರಾರು ಜನ ಸಾಲಾಗಿ ಹೋಗಿ ನೀರು ಕುಡಿದರು. ಅಷ್ಟೇ ಮಾಡಿದ್ದು, ನೀರು ಕುಡಿದದ್ದು. ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂದು ಪೇಟೆಯಲ್ಲಿ ಗುಲ್ಲೆದ್ದಿತು. ಪ್ರವೇಶ ಎಂಬ ಗಾಳಿಮಾತು ಸಾಕಾಯಿತು, ಸವರ್ಣೀಯರು ದೊಣ್ಣೆ ಹಿಡಿದು ಬಂದು ಊಟಕ್ಕೆ ಕೂತವರನ್ನೂ ಊರಿಗೆ ಹೊರಟವರನ್ನೂ ಹೊಡೆದರು. ಅಂಬೇಡ್ಕರ್ ತಮ್ಮವರಿಗೆ ಕೈ ಎತ್ತಬೇಡಿ ಎಂದರು, ಅವರು ಎತ್ತಲಿಲ್ಲ. ಆಮೇಲೆ ಕೆರೆಗೆ 108 ಗಡಿಗೆ ಸಗಣಿ ಗಂಜಲ ಹಾಲು ಮೊಸರು ಸುರಿದು ಶುದ್ಧಿ ಮಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಮಹಾಡದಲ್ಲಿ ಸೇರಿದಾಗ 25ರಂದು ಮನುಸ್ಮೃತಿ ಸುಟ್ಟರು. ಆದರೆ ಕೆರೆಯ ವಿಷಯ ಕೋರ್ಟಿನಲ್ಲಿದೆ ಎಂದು ನೀರು ಮುಟ್ಟದೆ ಸುತ್ತ ಮೆರವಣಿಗೆ ಹೋಗಿ ಬಂದರು. ಬಾಂಬೆ ಹೈಕೋರ್ಟಿನ ತೀರ್ಪು ಬರಲು 1937ರ ಮಾರ್ಚ್ ಆಗಬೇಕಾಯಿತು. ಹತ್ತು ವರ್ಷ ಕಾದರು. ಈಗ ಹೇಳಿ, ಸಂಯಮ ಯಾರಲ್ಲಿತ್ತು? ಉತ್ತಮ ಪ್ರಕೃತಿಯವರು ಯಾರು, ಉದ್ಧಟರು ಯಾರು? ಭರತಮುನಿಯ ಪಟ್ಟಿ ಮಹಾಡದ ಕೆರೆಯಲ್ಲಿ ಮುಳುಗಿಹೋಗಿದೆ.

ನಮ್ಮಲ್ಲೇ 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಒಂದು ಪದ. ಅದಕ್ಕೆ ಊರೂರಿನಲ್ಲಿ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ಮಂತ್ರಿಪದವಿ ಕಳೆದುಕೊಂಡರು. ಆ ಬೀದಿಯ ಗದ್ದಲಕ್ಕೆ ಭಾಷಾಭಿಮಾನ ಎಂದು ಹೆಸರಾಯಿತು. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಜಗಳದ ಹಿನ್ನೆಲೆಯಲ್ಲಿ ಮೂವರು ದಲಿತರನ್ನು ಕೊಂದರು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಇಂಥವು ನಡೆದಾಗಲೆಲ್ಲ ಊರಿನ ಹಿರಿಯರು ಆಡುವ ಮಾತು ಯಾವುದು? ಏನೋ ಆವೇಶದಲ್ಲಿ ಆಗಿಹೋಯ್ತು. ಹಠಾತ್ತನೆ ಉದ್ರೇಕಗೊಂಡು ಕೊಂದರೆ ಶಿಕ್ಷೆ ಕಡಿಮೆ ಮಾಡುವ ಅವಕಾಶ 1860ರ ದಂಡಸಂಹಿತೆಯಲ್ಲೇ ಇತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಕೊಂದವನದ್ದು ಆವೇಶ ಎನ್ನುತ್ತಾರೆ, ಕ್ಷಮಿಸಲಿಕ್ಕೆ. ಬರೆದವನದ್ದು ಆವೇಶ ಎನ್ನುತ್ತಾರೆ, ತಳ್ಳಿಹಾಕಲಿಕ್ಕೆ. ಈ ಪದದ ಜಾತಿ ಇಲ್ಲಿ ಗೊತ್ತಾಗುತ್ತದೆ.

ಹಾಗಂತ ನಮ್ಮ ಪತ್ರಿಕೆಗಳಿಗೆ ಬರುವ ಪದ್ಯಗಳೆಲ್ಲ ಒಳ್ಳೆಯವು ಎಂದು ಹೇಳಿದರೆ ಅದು ನಮ್ಮವರಿಗೇ ಮಾಡುವ ಮೋಸ. ಬೆಂಕಿ, ಕೆಂಡ, ಕತ್ತಿ, ರಕ್ತ, ಸೂರ್ಯ — ಈ ಐದು ಪದವನ್ನು ತೆಗೆದುಬಿಟ್ಟರೆ ಏನೂ ಉಳಿಯದ ಪದ್ಯಗಳು ಬರುತ್ತವೆ. ಬರೆದವನ ಊರು ಯಾವುದು ಅಂತ ಪದ್ಯದಲ್ಲಿ ಗೊತ್ತಾಗುವುದಿಲ್ಲ. ಅವನವ್ವ ಎಷ್ಟು ಸೇರು ರಾಗಿಗೆ ಯಾರ ಕಣದಲ್ಲಿ ಗೇಯ್ದಳು ಗೊತ್ತಾಗುವುದಿಲ್ಲ. ಆ ಬೆಂಕಿ ಯಾವ ಒಲೆಯದು, ಯಾರ ಗುಡಿಸಲಿಗೆ ಬಿದ್ದದ್ದು, ಏನೂ ಇಲ್ಲ. ಇದನ್ನು ಆವೇಶ ಅಂತ ಕರೆಯಲಿಕ್ಕೆ ನಾನು ತಯಾರಿಲ್ಲ. ಇದು ಉಮೇದು. ಉಮೇದು ಪಾರಸಿ ಪದ, ಅಲ್ಲಿ ಅದರ ಅರ್ಥ ಆಸೆ, ನಿರೀಕ್ಷೆ; ಅದರಿಂದಲೇ ಉಮೇದುವಾರ ಬಂದದ್ದು. ವೇದಿಕೆಯ ಮೇಲೆ ಒಂದು ಕುರ್ಚಿ ಸಿಕ್ಕೀತು ಎಂಬ ಉಮೇದಿನಿಂದ ಬರೆದ ಪದ್ಯ ಓದಿದ ಕೂಡಲೇ ಗೊತ್ತಾಗುತ್ತದೆ. ಅಂಥ ಉಮೇದುವಾರರು ನಮ್ಮಲ್ಲೂ ಕಡಿಮೆ ಇಲ್ಲ.

ಇವೆರಡರ ವ್ಯತ್ಯಾಸ ಹೇಳಲಿಕ್ಕೆ ಎಲಿಯಟ್ ಬೇಕಾಗಿಲ್ಲ, ಹಟ್ಟಿಯ ಮುದುಕಿಯರು ಸಾಕು. ಯಾರಿಗಾದರೂ ದೇವರು ಬಂತು ಎಂದ ಕೂಡಲೇ ಹಟ್ಟಿಯ ಜನ ಕಾಲಿಗೆ ಬೀಳುತ್ತಾರೆ ಎಂದು ಪೇಟೆಯವರು ತಿಳಿದಿದ್ದಾರೆ. ಸುಳ್ಳು. ಜನ ಮೊದಲು ಪರೀಕ್ಷೆ ಮಾಡುತ್ತಾರೆ. ನೀನು ಯಾರು ಹೇಳು, ಯಾವ ದಿಕ್ಕಿಂದ ಬಂದೆ, ಯಾಕೆ ಬಂದೆ, ನಮ್ಮನೆಯಲ್ಲಿ ಕಳೆದದ್ದು ಏನು ಹೇಳು ಎಂದು ಕೇಳುತ್ತಾರೆ. ಕರ್ಪೂರ ಹಚ್ಚಿ ಕೈಗಿಡುತ್ತಾರೆ. ಉತ್ತರ ಸರಿ ಬರದಿದ್ದರೆ, ‘ಏ ಇದು ದ್ಯಾವ್ರಲ್ಲ, ನಾಟ್ಕ, ನೀರು ಹಾಕಿ ಎಬ್ರುಸ್ರೊ’ ಎಂದು ನಕ್ಕು ಎದ್ದು ಹೋಗುತ್ತಾರೆ. ತುಳುನಾಡಿನಲ್ಲೂ ದೈವ ಕುಣಿದರಷ್ಟೇ ಸಾಲದು, ನುಡಿ ಕೊಡಬೇಕು. ಮೈ ನಡುಗುವುದು ಬೇರೆ, ನುಡಿ ಬೀಳುವುದು ಬೇರೆ. ಇದಕ್ಕಿಂತ ಖಡಕ್ಕಾದ ವಿಮರ್ಶೆ ಇನ್ನೊಂದಿಲ್ಲ. ಸಿದ್ಧಲಿಂಗಯ್ಯನವರ ಮೊದಲ ಸಂಕಲನವನ್ನು ಈ ಪರೀಕ್ಷೆಗೆ ಒಡ್ಡಿ ನೋಡಿ, ಗೆಲ್ಲುತ್ತದೆ. ಅಲ್ಲಿ ಬೈಸಿಕೊಂಡವರಿಗೆ ಮುಖ ಇದೆ, ಬೈದವರಿಗೆ ಹೊಟ್ಟೆ ಇದೆ. ಸಾಲುಗಳು ಪುಸ್ತಕ ಬಿಟ್ಟು ಮೆರವಣಿಗೆಯವರ ಬಾಯಿಗೆ ಹೋಗಿ ಹಾಡಾದದ್ದು ಸುಮ್ಮನೆ ಅಲ್ಲ. ಆವೇಶದ ಕವಿ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಅವರೇ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು, ‘ಅವತಾರಗಳು’ ಬರೆದರು. ದೇವರು ಮೈಮೇಲೆ ಬಂದವರ ಬಗ್ಗೆ ಹೊಟ್ಟೆ ಹುಣ್ಣಾಗುವಂತೆ ನಗಿಸುವ ಪುಸ್ತಕ ಅದು. 2021ರಲ್ಲಿ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲೂ ಆ ಹಣೆಪಟ್ಟಿ ಕಿತ್ತುಹೋಗಿರಲಿಲ್ಲ.

ಕನ್ನಡ ವಿಮರ್ಶೆ ಇನ್ನೊಂದು ಜಾಣತನ ಮಾಡಿದೆ. ದೇವನೂರ ಮಹಾದೇವರನ್ನು ಒಂದು ಕಡೆ ನಿಲ್ಲಿಸಿ, ನೋಡಿ ಸಂಯಮ ಅಂದರೆ ಇದು ಎಂದು ಬೆನ್ನು ತಟ್ಟಿ, ಅದೇ ಕೈಯಿಂದ ಉಳಿದವರಿಗೆ ಹೊಡೆಯುವುದು. ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ, ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ, ಬೆಳಗಾದರೆ ಪೊಲೀಸರು ಬರುತ್ತಾರೆ. ಕೂಗಾಟ ಇಲ್ಲ, ನಿಜ. ಆದರೆ ಹಸಿದವರು ರಾತ್ರಿಯೆಲ್ಲ ಕೂತು ಕದ್ದದ್ದನ್ನು ನಗುನಗುತ್ತಾ ತಿಂದು ಮುಗಿಸುವುದು ಸಂಯಮವೇ? ಮಾಲೀಕನ ಫಸಲನ್ನು ಹೊಟ್ಟೆಯ ಒಳಗೆ ಹೊಗಿಸಿಕೊಂಡ ಕಥೆ ಅದು. ಧಾತುವಿನ ಅರ್ಥ ಹಿಡಿದು ಹೇಳುವುದಾದರೆ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಆವೇಶದ ಪ್ರಸಂಗ ನನಗೆ ಕಂಡಿಲ್ಲ. ಅಣ್ಣ ತಮ್ಮಂದಿರನ್ನು ಎರಡು ಪಂಕ್ತಿಯಲ್ಲಿ ಕೂರಿಸುವ ಈ ಊಟದ ಮನೆಗೆ ನಮ್ಮ ಹುಡುಗರು ಹೋಗಬಾರದು.

ಆವೇಶದ ಬದಲು ಅಚ್ಚಕನ್ನಡದ ‘ಕೆಚ್ಚು’ ಬಳಸಬಾರದೇಕೆ ಎಂದು ಗೆಳೆಯರು ಕೇಳುತ್ತಾರೆ. ಚೆಲುವಾದ ಪದ. ಮರದ ಒಳಗಿನ ಗಟ್ಟಿ ತಿರುಳಿಗೆ ಕೆಚ್ಚು ಎನ್ನುತ್ತಾರೆ, ಅದೇ ಎದೆಗೆ ಬಂದು ಕೆಚ್ಚೆದೆ ಆಯಿತು. ಗೆದ್ದಲು ಹಿಡಿಯದ ಭಾಗ ಅದು. ಬಳಸೋಣ. ಆದರೆ ಆವೇಶವನ್ನು ಬಿಟ್ಟುಕೊಟ್ಟು ಅಲ್ಲ, ಯಾಕೆಂದರೆ ಅದರೊಳಗೆ ನಮಗೆ ಸೇರಬೇಕಾದ ಇನ್ನೊಂದು ಆಸ್ತಿ ಇದೆ. ಸಂಸ್ಕೃತದಲ್ಲಿ ಇದರ ಪಕ್ಕದಲ್ಲೇ ‘ಆವೇಶನ’ ಎಂಬ ಪದ ಇದೆ. ಅದಕ್ಕೆ ಅಮರಕೋಶ ಕೊಡುವ ಅರ್ಥ ಶಿಲ್ಪಿಗಳು, ಕುಶಲಕರ್ಮಿಗಳು ಕೆಲಸ ಮಾಡುವ ಶಾಲೆ. ಕಲ್ಕುಡನಂಥವರು ಹೊಕ್ಕು ಕೂತು ಉಳಿ ಹಿಡಿಯುವ ಜಾಗ. ಸಾಂಚಿಯ ದೊಡ್ಡ ಸ್ತೂಪದ ದಕ್ಷಿಣ ತೋರಣದ ಮೇಲೆ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಒಂದು ಪ್ರಾಕೃತ ಶಾಸನ ಇದೆ. ಶಾತಕರ್ಣಿ ರಾಜನ ಕೆಲಸಗಾರರ ಮೇಸ್ತ್ರಿ ಆನಂದ ಎಂಬವನು, ವಾಸಿಠಿ ಎಂಬ ತಾಯಿಯ ಮಗ, ಕೊಟ್ಟ ದಾನ ಎಂದು ಅದರಲ್ಲಿ ಕೆತ್ತಿದೆ. ಮೇಸ್ತ್ರಿ ಎನ್ನುವುದಕ್ಕೆ ಅಲ್ಲಿ ಬಳಸಿರುವ ಪದ ‘ಆವೇಸನಿ’. ಬುದ್ಧನ ತೋರಣದ ಕಲ್ಲಿನಲ್ಲಿ ಅದು ಇನ್ನೂ ಹಾಗೇ ಇದೆ, ಹೋದವರು ನೋಡಿಕೊಂಡು ಬರಬಹುದು.